ಬೆನ್ನಿಗೆ ಮಣ್ಣು ಹತ್ತಿದವರು

ಸಿಂದಗಿ ತಾಲ್ಲೂಕಿನ ಒಂದು ಹಳ್ಳಿ. ಮಾರುತಿ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ಬಟ್ಟೆಯ ಕೈಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು ನನ್ನ ಮುಂದೆ ಬಿಚ್ಚಿದರು. ಗುಲಾಬಿ, ಹಳದಿ, ಹಸಿರು ಬಣ್ಣದ ಹ್ಯಾಂಡ್‌ಬಿಲ್ಲುಗಳು. ಮಡಿಕೆ ಬಿದ್ದಲ್ಲೆಲ್ಲ ಹರಿದಿದ್ದವು. ಕೆಲವಕ್ಕೆ ಹಿಂದಿನಿಂದ ಅನ್ನದ ಅಗುಳು ಹಚ್ಚಿ ಪೇಪರಿನ ತುಂಡು ಅಂಟಿಸಿದ್ದರು. ಪ್ರತಿಯೊಂದರ ನೆತ್ತಿಯ ಮೇಲೆ ಆಯಾ ಊರಿನ ದೇವರ ಚಿತ್ರ, ಅದರ ಕೆಳಗೆ ‘ಭಾರಿ ಜಂಗಿ ನಿಕಾಲಿ ಕುಸ್ತಿಗಳು’ ಎಂಬ ದಪ್ಪಕ್ಷರ, ಅದರ ಕೆಳಗೆ ಎದುರುಬದುರು ಹೆಸರುಗಳ ಸಾಲು. ಮೇಲಿನ ಸಾಲಿನವರಿಗೆ ಫೋಟೊ ಇತ್ತು, ಹೆಗಲ ಮೇಲೆ ಬೆಳ್ಳಿ ಗದೆ ಇತ್ತು. ಈ ಹಿರಿಯರ ಹೆಸರು ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ, ಫೋಟೊ ಇಲ್ಲದೆ. ಒಂದೆರಡರಲ್ಲಿ ಹೆಸರೂ ತಪ್ಪಾಗಿ ಅಚ್ಚಾಗಿತ್ತು.

“ಇದರಾಗ ಹೊಡದ ಕುಸ್ತಿ ಕಡಿಮಿ ಅದಾವ್ರಿ ಸರ. ಆದ್ರ ಕರದಲ್ಲೆಲ್ಲಾ ಹೋಗೇನಿ,” ಎಂದರು.

ನಮ್ಮ ಕಡೆ ಕುಸ್ತಿ ಗೆಲ್ಲುವುದಕ್ಕೆ ಕುಸ್ತಿ ಹೊಡೆಯುವುದು ಎನ್ನುತ್ತಾರೆ. ಸೋತವನಿಗೆ ‘ಬೆನ್ನಿಗೆ ಮಣ್ಣು ಹತ್ತಿತು’ ಎನ್ನುತ್ತಾರೆ. ಇಪ್ಪತ್ತು ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ, ಭೀಮಾ ದಾಟಿ ಸೊಲ್ಲಾಪುರದವರೆಗೂ ಹೋಗಿ, ಗೆದ್ದದ್ದಕ್ಕಿಂತ ಹೆಚ್ಚು ಸಲ ಬೆನ್ನಿಗೆ ಮಣ್ಣು ಹಚ್ಚಿಕೊಂಡು ಬಂದ ಮನುಷ್ಯ ಇವರು. ಇಂಥವರ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವುದಿಲ್ಲ. ಗದೆ ಎತ್ತಿದವನ ಬಗ್ಗೆ ಬರೆಯುತ್ತೇವೆ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಜಾತ್ರೆಯ ಕುಸ್ತಿ ಇಷ್ಟು ವರ್ಷ ಉಳಿದುಬಂದಿದ್ದರೆ ಅದು ಇಂಥವರಿಂದ ಉಳಿದಿದೆ. ಇದು ನನ್ನ ಖಚಿತ ನಂಬಿಕೆ. ಏಕೆಂದು ಹೇಳಲು ಒಂದು ಕುಸ್ತಿ ಕಣ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಹೇಳಬೇಕು.

ವಿಜಯಪುರ ಜಿಲ್ಲೆಯ ಬಹುಪಾಲು ಎರೆ ಭೂಮಿ. ಬಿಳಿಜೋಳಕ್ಕೆ ಈ ಮಣ್ಣು ಚಿನ್ನ, ಕುಸ್ತಿಗೆ ಕಷ್ಟ. ನೀರು ಬಿದ್ದರೆ ಅಂಟು, ಒಣಗಿದರೆ ಕಲ್ಲು. ಅದಕ್ಕೆ ಕಣಕ್ಕೆ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಬೇಕು, ಹರಳು ಆರಿಸಬೇಕು, ಜರಡಿ ಹಿಡಿಯಬೇಕು. ಆಮೇಲೆ ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆಹಣ್ಣಿನ ರಸ ಹಾಕಿ ಹದ ಮಾಡುತ್ತಾರೆ. ಅರಿಷಿಣ, ಲಿಂಬೆ ಹಾಕಿದರೆ ತರಚಿದ ಗಾಯ ಕೀವು ಹಿಡಿಯುವುದಿಲ್ಲ ಎಂಬುದು ಗರಡಿಯವರ ಮಾತು. ಲಿಂಬೆಗೆ ನಮ್ಮಲ್ಲಿ ಕೊರತೆಯಿಲ್ಲ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಲಿಂಬೆ ಬೆಳೆಯುವುದು ಇದೇ ಇಂಡಿ ತಾಲ್ಲೂಕಿನಲ್ಲಿ. ಹದವಾದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ಬಿಟ್ಟರೆ ಉದುರಬೇಕು. ಆಗ ಕಣ ತಯಾರಾಯಿತೆಂದು ಲೆಕ್ಕ.

ಹಲಗಿ ಬಾರಿಸಿದ ಕೂಡಲೇ ಮೊದಲು ಬರುವವರು ಹುಡುಗರು. ಅವರದು ಕಾಯಿ ಕುಸ್ತಿ. ಗೆದ್ದವನಿಗೆ ತೆಂಗಿನಕಾಯಿ. ಹಾಗೆ ಶುರುವಾಗಿ ಇನಾಮು ಒಂದೊಂದೇ ಮೆಟ್ಟಿಲು ಏರುತ್ತ ಹೋಗುತ್ತದೆ. ಸಂಜೆಯ ಹೊತ್ತಿಗೆ ಎರಡನೇ ನಂಬರ, ಕೊನೆಗೆ ಒಂದನೇ ನಂಬರ ಕುಸ್ತಿ. ಒಂದನೇ ನಂಬರಿನ ಜೋಡಿಯನ್ನು ಕಮಿಟಿಯವರು ತಿಂಗಳ ಮೊದಲೇ ಗೊತ್ತುಮಾಡಿ ಹ್ಯಾಂಡ್‌ಬಿಲ್ ಹೊಡೆಸಿರುತ್ತಾರೆ. ಕೆಳಗಿನ ಜೋಡಿಗಳಲ್ಲಿ ಎಷ್ಟೋ ಅಲ್ಲೇ ಕಣದಲ್ಲಿ ಹಚ್ಚುವಂಥವು. ಪೈಲ್ವಾನ ಲಂಗೋಟ ಕಟ್ಟಿ ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಕಮಿಟಿಯ ಹಿರಿಯರು, ಕುಸ್ತಿ ಕಲಿಸುವ ಹಳೆಯ ವಸ್ತಾದರು ಅವನನ್ನು ನೋಡುತ್ತಾರೆ. ಎತ್ತರ, ತೋಳು, ಕುತ್ತಿಗೆಯ ದಪ್ಪ ನೋಡಿದರೆ ಮುಗಿಯುವುದಿಲ್ಲ, ಅವರ ಕಣ್ಣು ಕಿವಿಯ ಮೇಲೆ ಹೋಗುತ್ತದೆ.

ಕಿವಿ ಪೈಲ್ವಾನನ ಗುರುತಿನ ಚೀಟಿ. ವರ್ಷಗಟ್ಟಲೆ ತಲೆಗೆ ತಲೆ ಹಚ್ಚಿ ಹಿಡಿಯುವಾಗ ಕಿವಿ ಉಜ್ಜಿ, ತಿರುಚಿ, ಒಳಗೆ ರಕ್ತ ಒಸರುತ್ತದೆ. ಚರ್ಮಕ್ಕೂ ಒಳಗಿನ ಮೃದ್ವಸ್ಥಿಗೂ ನಡುವೆ ಆ ರಕ್ತ ನಿಂತರೆ ಮೃದ್ವಸ್ಥಿಗೆ ಆಹಾರ ಸಿಗದೆ ಅದು ಸತ್ತು, ಜಾಗ ಗಂಟುಗಟ್ಟುತ್ತದೆ. ಮತ್ತೆಂದೂ ಸರಿಹೋಗದ ಹಾಗೆ ಕಿವಿ ಮುರುಟಿ ಗಟ್ಟಿಯಾಗುತ್ತದೆ. ಮುರುಟಿದ ಕಿವಿಯವನನ್ನು ನುಣುಪಾದ ಕಿವಿಯ ಹುಡುಗನ ಎದುರು ಯಾವ ವಸ್ತಾದನೂ ಹಚ್ಚುವುದಿಲ್ಲ. ಆ ಹಿರಿಯರ ಎರಡೂ ಕಿವಿಗಳು ಒಣಗಿದ ಅಂಜೂರದ ಹಾಗಿದ್ದವು. ಎಡಗಿವಿಯ ತೂತು ಎಷ್ಟು ಕಿರಿದಾಗಿತ್ತೆಂದರೆ ನಾನು ಬಲಕ್ಕೆ ಸರಿದು ಕುಳಿತೇ ಮಾತಾಡಬೇಕಾಯಿತು.

ಒಂದು ಕಣದಲ್ಲಿ ಐವತ್ತು ಕುಸ್ತಿ ನಡೆದರೆ ಹೆಸರಾಂತ ಪೈಲ್ವಾನರು ಇರುವುದು ಎರಡರಲ್ಲೋ ಮೂರರಲ್ಲೋ. ಉಳಿದ ಇಡೀ ಮಧ್ಯಾಹ್ನವನ್ನು ತುಂಬುವವರು ನಡುವಿನ ನಂಬರಿನವರು. ಬೆಳೆಯುತ್ತಿರುವ ಹುಡುಗನೊಬ್ಬ ಎಷ್ಟು ತಯಾರಾಗಿದ್ದಾನೆ ಎಂದು ನೋಡಬೇಕಾದರೆ ಅವನನ್ನು ಇವರ ಮುಂದೆಯೇ ನಿಲ್ಲಿಸಬೇಕು. ಇಪ್ಪತ್ತು ವರ್ಷದ ಅನುಭವ ಇರುವವನು ಹುಡುಗನ ಪಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಢಾಕ್ ಪಟ್ಟು ಹಾಕಲು ಬಂದರೆ ಸೊಂಟ ಇಳಿಸುತ್ತಾನೆ, ಕಾಲಿಗೆ ಕೈ ಹಾಕಿದರೆ ಹಿಂದೆ ಸರಿದು ಕುತ್ತಿಗೆಯ ಮೇಲೆ ಭಾರ ಹೇರುತ್ತಾನೆ. ಅವನನ್ನು ಚಿತ್ ಮಾಡಿದ ಹುಡುಗ ಮುಂದಿನ ವರ್ಷ ಒಂದು ಸಾಲು ಮೇಲೇರುತ್ತಾನೆ. ಮಾಡದವನು ತಾಲೀಮಿಗೆ ಹಿಂದಿರುಗುತ್ತಾನೆ. ಯಾರ ಯೋಗ್ಯತೆ ಎಷ್ಟೆಂದು ಅಳೆಯುವ ಸೇರು ಇವನು. ಸೇರೇ ಇಲ್ಲದ ಸಂತೆಯಲ್ಲಿ ಜೋಳ ಅಳೆಯುವುದು ಹೇಗೆ?

ಜಾತ್ರೆಗಳ ಪಂಚಾಂಗವೇ ಇವರ ದುಡಿಮೆಯ ಪಂಚಾಂಗ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ, ಇಂಡಿಯ ಶಾಂತೇಶ್ವರ, ಗಡಿಯಾಚೆ ಸೊಲ್ಲಾಪುರದ ಸಿದ್ಧರಾಮೇಶ್ವರ. ಶ್ರಾವಣಕ್ಕೆ ಬಸವನ ಬಾಗೇವಾಡಿಯ ಮೂಲ ನಂದೀಶ್ವರ. ಇವುಗಳ ನಡುವೆ ಗೊಲ್ಲಾಳೇಶ್ವರನ ಗೋಲಗೇರಿ, ಖಾಸ್ಗತೇಶ್ವರನ ತಾಳಿಕೋಟೆ, ಮುದ್ದೇಬಿಹಾಳದ ಗ್ರಾಮದೇವತೆ, ಊರೂರ ಹನುಮಪ್ಪ, ಲಕ್ಕವ್ವ, ದ್ಯಾಮವ್ವ, ದರ್ಗಾಗಳ ಉರುಸು. ಸಂಕ್ರಮಣದ ವಾರದಲ್ಲಿ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇಷ್ಟು ದೊಡ್ಡ ಜಾತ್ರೆಗಳು ಒಟ್ಟಿಗೆ ಬರುವುದರಿಂದ ಪೈಲ್ವಾನರಿಗೆ ಬೇಡಿಕೆಯೋ ಬೇಡಿಕೆ. ದೊಡ್ಡ ಹೆಸರಿನವರು ದೊಡ್ಡ ಇನಾಮಿನ ಕಡೆ ಹೋಗುತ್ತಾರೆ. ಸಣ್ಣ ಊರಿನ ಕಮಿಟಿಗೆ ಮಾತು ಕೊಟ್ಟು, ಕೊಟ್ಟ ಮಾತಿಗೆ ಬರುವವನು ನಡುವಿನವನು.

ಹೋಗುವುದೂ ಸುಲಭವಿರಲಿಲ್ಲ. ಹೋಟಗಿ–ಗದಗ ರೈಲು ಮಾರ್ಗ ಇಂಡಿ ರೋಡ್, ವಿಜಯಪುರ, ಬಸವನ ಬಾಗೇವಾಡಿ ರೋಡ್ ಮುಟ್ಟುತ್ತದೆಯೇ ಹೊರತು ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಇವತ್ತಿಗೂ ರೈಲಿಲ್ಲ. ಮುಂಜಾನೆ ಮೊದಲ ಬಸ್ಸು ಹಿಡಿಯಬೇಕು, ಅಲ್ಲಿಂದ ಟಂಟಂ, ಅಲ್ಲಿಂದ ಟ್ರ್ಯಾಕ್ಟರ್, ಕೊನೆಗೆ ಕಾಲು. ಹೆಗಲ ಮೇಲಿನ ಚೀಲದಲ್ಲಿ ಲಂಗೋಟ, ಟವೆಲ್ಲು, ಎಣ್ಣೆ ಬಾಟ್ಲಿ, ಒಣ ಅರಿವೆಯಲ್ಲಿ ಕಟ್ಟಿದ ಕಟಕರೊಟ್ಟಿ, ಶೇಂಗಾ ಹಿಂಡಿ. ಕುಸ್ತಿ ಆದ ರಾತ್ರಿ ಗುಡಿಯ ಪಡಸಾಲೆಯಲ್ಲಿ ಮಲಗುವುದು. ಮರುದಿನ ಇನ್ನೊಂದು ಊರು.

ಈ ಸುತ್ತಾಟದಲ್ಲಿ ಭಾಷೆಯ ಗಡಿ ಎಂದೂ ಅಡ್ಡ ಬಂದಿಲ್ಲ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡದಲ್ಲೇ ಮಾತು. ಕಣದ ಮಾತಂತೂ ಕನ್ನಡ, ಮರಾಠಿ, ಉರ್ದು ಮೂರೂ ಕಲೆತದ್ದು. ವಸ್ತಾದ, ತಾಲೀಮು, ಖುರಾಕು, ನಿಕಾಲಿ, ಚಿತ್ ಎಲ್ಲವೂ ಹಾಗೆ ಬಂದ ಶಬ್ದಗಳು. ಗರಡಿಯ ಗೋಡೆಯ ಮೇಲೆ ಮಾರುತಿಯ ಚಿತ್ರ, ಕಲಿಸುವ ವಸ್ತಾದ ಮುಸಲ್ಮಾನ, ಇದು ನಮ್ಮ ಸೀಮೆಯಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ.

ಹೆಚ್ಚು ಆಸೆ ಇದ್ದ ಹುಡುಗರು ಕೊಲ್ಲಾಪುರಕ್ಕೆ ಹೋಗುತ್ತಿದ್ದರು. ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯ ಕೊಟ್ಟು ಬೆಳೆಸಿದ ಊರು ಅದು. ಕುಸ್ತಿಗಾಗಿಯೇ ಕಟ್ಟಿಸಿದ ಖಾಸಬಾಗ್ ಮೈದಾನ ಅಲ್ಲಿದೆ. ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಅಲ್ಲಿಗೆ ಹೋಗಿ ತಯಾರಾದರು. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬತ್ತಾಸಿಂಗ್ ಅವರನ್ನು ಕೆಡವಿ ಮೊಟ್ಟಮೊದಲ ‘ಹಿಂದ್ ಕೇಸರಿ’ ಆದರು. 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲೇ ತೀರಿಕೊಂಡರು. ಅವರ ಹೆಸರು ಹೇಳಿದರೆ ಇವತ್ತಿಗೂ ನಮ್ಮ ಹಳ್ಳಿಗಳ ಹಿರಿಯರು ಎದ್ದು ಕೂರುತ್ತಾರೆ. ಅಂಥ ಒಬ್ಬರು ಮೇಲೇರುವ ದಾರಿಯಲ್ಲಿ ಎಷ್ಟು ಜನರ ಬೆನ್ನು ಮಣ್ಣಿಗೆ ಹತ್ತಿರಬೇಕು! ಆ ಬೆನ್ನುಗಳ ಲೆಕ್ಕ ಯಾರ ಬಳಿಯೂ ಇಲ್ಲ.

ಹಿಂದೆ ಲೆಕ್ಕ ಇಡುವವರು ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಪೈಲ್ವಾನರ ಊಟ ಹೇಗಿರಬೇಕು, ಕಸರತ್ತು ಹೇಗಿರಬೇಕು, ಪಟ್ಟುಗಳು ಯಾವುವು ಎಂದೆಲ್ಲ ಅದರಲ್ಲಿ ಹೇಳಿದ್ದಾನೆ. ಪೈಲ್ವಾನರನ್ನು ಅವನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆ ಮಾಡುತ್ತಾನೆ. ನಮ್ಮ ‘ಜಟ್ಟಿ’ ಎಂಬ ಮಾತು ಇದೇ ಜ್ಯೇಷ್ಠಿಯಿಂದ ಬಂದದ್ದೆನ್ನುತ್ತಾರೆ. ನನಗೆ ಮುಖ್ಯ ಅನಿಸುವುದು ನಡುವಿನ ಹೆಸರು. ಬಸವಣ್ಣ ಹುಟ್ಟಿದ ಕಾಲಕ್ಕೆ ಈ ನೆಲವನ್ನು ಆಳುತ್ತಿದ್ದ ಅರಸುಮನೆಯ ಗ್ರಂಥವೊಂದು ನಡುವಿನ ಪೈಲ್ವಾನನಿಗೂ ಒಂದು ಹೆಸರು, ಒಂದು ಸ್ಥಾನ ಕೊಟ್ಟಿತ್ತು. ಒಂಬೈನೂರು ವರ್ಷದ ಮೇಲೆ ನಾವು ಅವನಿಗೆ ಒಂದು ಹಾಳೆ ಕಾಗದ ಕೊಡುತ್ತಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವು ಸೋಲೊಪ್ಪದವರನ್ನು ಹೀಯಾಳಿಸಲು ಬಳಸುತ್ತೇವೆ. ನಾನು ಕಂಡ ಜಾತ್ರೆಯ ಪೈಲ್ವಾನರು ಹಾಗೆ ಜಂಬ ಕೊಚ್ಚಿದವರಲ್ಲ. ಬಿದ್ದವರು ಎದ್ದು, ಗೆದ್ದವನ ಮೈಯ ಮಣ್ಣು ಒರೆಸಿ, ಅವನ ಕೈ ಎತ್ತಿ ಕಣದ ಸುತ್ತ ತೋರಿಸುತ್ತಾರೆ. ಜನ ಗೆದ್ದವನಿಗೆ ಪಟಕಾ ಸುತ್ತುತ್ತಾರೆ, ನೋಟು ಕೊಡುತ್ತಾರೆ. ಚೆನ್ನಾಗಿ ಹಿಡಿದು ಬಿದ್ದವನ ಕೈಗೂ ಯಾರೋ ಒಬ್ಬರು ನೋಟು ತುರುಕುತ್ತಾರೆ. ಆ ಕ್ಷಣಕ್ಕೆ ಕಾಯುವುದೇ ನನಗೆ ಕುಸ್ತಿ ನೋಡುವುದರ ಅರ್ಧ ಸುಖ.

ಇನಾಮಿನ ಹಣ ಎಲ್ಲಿಗೆ ಹೋಗುತ್ತದೆ? ಹೊಟ್ಟೆಗೆ. ಖುರಾಕು ಎಂದರೆ ಹಾಲು, ತುಪ್ಪ, ಬಾದಾಮಿ, ಬಾಳೆಹಣ್ಣು, ಮಾಂಸ ತಿನ್ನುವವರಿಗೆ ಮಾಂಸ, ತತ್ತಿ. ಬಾದಾಮಿಯನ್ನು ರಾತ್ರಿ ನೆನೆಹಾಕಿ ಮುಂಜಾನೆ ಸಿಪ್ಪೆ ಸುಲಿದು ಒಳಕಲ್ಲಿನಲ್ಲಿ ಅರೆದು ಹಾಲಿಗೆ ಬೆರೆಸಿ ಕುಡಿಯಬೇಕು. ಒಂದು ಕಿಲೋ ಬಾದಾಮಿಯ ಬೆಲೆ ಹೊಲದ ಕೂಲಿಯವನ ಎರಡು ಮೂರು ದಿನದ ಪಗಾರಕ್ಕೆ ಸಮ. ನಸುಕಿನಲ್ಲೆದ್ದು ನೂರಾರು ದಂಡ, ಬೈಠಕ್ ತೆಗೆದು, ಒಂದು ತಾಸು ಮಣ್ಣಿನಲ್ಲಿ ಹಿಡಿದು, ಆಮೇಲೆ ಹೊಲದ ಕೆಲಸಕ್ಕೆ ಹೋಗುವ ಮೈ ಅಷ್ಟು ಬೇಡುತ್ತದೆ. ಮನೆಯಲ್ಲಿ ಒಬ್ಬ ಪೈಲ್ವಾನನಾದರೆ ಮನೆಮಂದಿಯ ಹಾಲು ಅವನಿಗೇ ಹೋಗುತ್ತದೆ. ಅಕ್ಕ ತಂಗಿಯರು ಚಹಾಕ್ಕೂ ಹಾಲಿಲ್ಲದೆ ಬೆಳೆದ ಮನೆಗಳನ್ನು ನಾನು ಬಲ್ಲೆ. ಕುಸ್ತಿಯ ಇತಿಹಾಸ ಬರೆಯುವಾಗ ಆ ಹೆಣ್ಣುಮಕ್ಕಳ ಪಾಲನ್ನೂ ಬರೆಯಬೇಕು.

ಕುಸ್ತಿಯ ಇನಾಮು ಸಾಲದೆ ಕೆಲವರು ಜಾತ್ರೆಯ ಬೇರೆ ಪಂದ್ಯಗಳಿಗೂ ಇಳಿಯುತ್ತಾರೆ. ಸಂಗ್ರಾಣಿ ಕಲ್ಲು ಎತ್ತುವುದು, ಗುಂಡು ಎತ್ತುವುದು, ಉಸುಕಿನ ಚೀಲ ಹೊರುವುದು ನಮ್ಮ ಜಿಲ್ಲೆಯ ಜಾತ್ರೆಗಳ ಹೆಮ್ಮೆ. ಆದರೆ ಕಲ್ಲಿಗೆ ಬೇಕಾದ ಮೈ ಬೇರೆ, ಕುಸ್ತಿಗೆ ಬೇಕಾದ ಮೈ ಬೇರೆ. ಎರಡನ್ನೂ ಹಚ್ಚಿಕೊಂಡವರ ಸೊಂಟ ಬೇಗ ಹೋಗುತ್ತದೆ. ಮೂವತ್ತೈದು ದಾಟಿದ ಮೇಲೆ ಮಂಡಿ ಮಾತು ಕೇಳುವುದಿಲ್ಲ. ಆಮೇಲೆ ಕಬ್ಬಿನ ಗ್ಯಾಂಗು, ಟ್ರ್ಯಾಕ್ಟರ್ ಡ್ರೈವರಿಕೆ, ಗೋವಾಕ್ಕೋ ಪುಣೆಗೋ ದುಡಿಯಲು ಹೋಗುವುದು. ಅದೃಷ್ಟವಿದ್ದವರಿಗೆ ಪೊಲೀಸ್, ಮಿಲಿಟರಿ, ರೈಲ್ವೆಯ ನೌಕರಿ ಸಿಗುತ್ತದೆ. ಅದು ಬಹುಪಾಲು ಮ್ಯಾಟಿನ ಮೇಲೆ ಆಡಿ ಪ್ರಮಾಣಪತ್ರ ತಂದವರ ಪಾಲು.

ಸಮಸ್ಯೆಯ ಗಂಟು ಇರುವುದು ಈ ಮ್ಯಾಟಿನಲ್ಲಿ. ಅಂತರರಾಷ್ಟ್ರೀಯ ಕುಸ್ತಿ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟುಗಳ ಲೆಕ್ಕ. ಎಂಟೋ ಹತ್ತೋ ಪಾಯಿಂಟು ಮುಂದೆ ಹೋದರೆ ಅಲ್ಲಿಗೆ ಮುಗಿಯಿತು. ನಿಕಾಲಿ ಕುಸ್ತಿ ಹಾಗಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತುವವರೆಗೂ ನಡೆಯುವ ಕುಸ್ತಿ ಅದು, ಅರ್ಧ ತಾಸಾದರೂ ಹಿಡಿಯಬಹುದು. ಹಿಡಿದು ಹಿಡಿದು ದಣಿಸುವ ಆ ತಾಳ್ಮೆ ಮ್ಯಾಟಿನ ಮೇಲೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಮೊದಲ ನಿಮಿಷದಿಂದಲೇ ಚುರುಕು ಬೇಕು. ಚಿಕ್ಕಂದಿನಲ್ಲೇ ಕ್ರೀಡಾ ಹಾಸ್ಟೆಲ್ ಸೇರಿ ಮ್ಯಾಟಿಗೆ ಒಗ್ಗಿದವರು ಮೇಲೆ ಹೋಗುತ್ತಾರೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ–ರೋಮನ್ 55 ಕೆ.ಜಿ. ವಿಭಾಗದ ಕಂಚು ಗೆದ್ದಾಗ ಇಡೀ ಉತ್ತರ ಕರ್ನಾಟಕ ಸಂಭ್ರಮಿಸಿತು. ಅದು ನಿಜವಾದ ಸಾಧನೆ. ಆದರೆ ಹದಿನೇಳನೆಯ ವಯಸ್ಸಿನವರೆಗೆ ಮ್ಯಾಟನ್ನೇ ಕಾಣದ ಹಳ್ಳಿಯ ಹುಡುಗನಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಅವನಿಗೆ ಉಳಿಯುವುದು ಜಾತ್ರೆಯ ಕಣ, ಮೂರನೇ ಸಾಲಿನ ಹೆಸರು.

ಇಂಥ ಆಟಗಾರ ಪ್ರಪಂಚದ ಎಲ್ಲ ಕಡೆ ಇದ್ದಾನೆ. ಅಮೆರಿಕದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಡಿಕ್ಕಿ ಹೊಡೆದು ಮುಂದೆ ಸಾಗಿಸುವ ಆಟ. ಅಲ್ಲಿಯ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳು, ಒಂದೊಂದರಲ್ಲಿ 53 ಆಟಗಾರರು. ಜಾಶ್ ಜಾನ್ಸನ್ ಎಂಬ ಆಟಗಾರನನ್ನು 2008ರಲ್ಲಿ ಟ್ಯಾಂಪಾ ಬೇ ತಂಡ ಆರಿಸಿಕೊಂಡಿತು. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅವನು. ಆಮೇಲೆ ಒಂದು ತಂಡ ಬಿಟ್ಟಿತು, ಇನ್ನೊಂದು ಕರೆಯಿತು, ಅದೂ ಬಿಟ್ಟಿತು. ಹೀಗೆ ಅವನು ಸೇರಿದ ತಂಡಗಳು 14. ಆ ಲೀಗಿನಲ್ಲಿ ಇಷ್ಟು ತಂಡ ಸುತ್ತಿದವರು ಬೇರೆ ಯಾರೂ ಇಲ್ಲ. ನಡುನಡುವೆ ಕೆಲಸವಿಲ್ಲದಾಗ ಸಣ್ಣಪುಟ್ಟ ಲೀಗುಗಳಲ್ಲೂ ಆಡಿದ. 2018ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ತಂಡದ ಆಟಗಾರರು ಗಾಯಗೊಂಡು ಇವನಿಗೆ ಅವಸರದ ಕರೆ ಬಂತು. ಜೊತೆಗಾರರ ಹೆಸರೂ ಗೊತ್ತಿರಲಿಲ್ಲ. ವಿಡಿಯೊ ಗೇಮ್‌ನಲ್ಲಿ ಆ ತಂಡವನ್ನು ಆಡಿಸುತ್ತ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡ. ಅದೇ ತಿಂಗಳ 16ರಂದು ಜ್ಯಾಕ್ಸನ್‌ವಿಲ್ ತಂಡದ ಮೇಲೆ 16–13ರಿಂದ ಗೆದ್ದರು. ಮೊದಲಿನಿಂದ ಕಣಕ್ಕಿಳಿದು ಆಡಿದ ಪಂದ್ಯವೊಂದನ್ನು ಅವನು ಗೆದ್ದದ್ದು ಅದೇ ಮೊದಲು, ಲೀಗು ಸೇರಿ ಹತ್ತು ವರ್ಷದ ಮೇಲೆ.

ಇಂಗ್ಲಿಷಿನಲ್ಲಿ ಇಂಥವನನ್ನು ಜರ್ನಿಮನ್ ಎನ್ನುತ್ತಾರೆ. ಊರೂರು ತಿರುಗುವವನು ಎಂದು ಅನೇಕರು ಅರ್ಥ ಮಾಡುತ್ತಾರೆ. ಮೂಲದಲ್ಲಿ ಅದು ದಿನ ಎಂಬ ಅರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ಕಸುಬು ಪೂರ್ತಿ ಕಲಿತು, ಸ್ವಂತ ಅಂಗಡಿ ಇಡಲಾಗದೆ, ದಿನದ ಕೂಲಿಗೆ ದುಡಿಯುವ ಕುಶಲಕರ್ಮಿ ಎಂದರ್ಥ. ನಮ್ಮ ಜಾತ್ರೆಯ ಪೈಲ್ವಾನನಿಗೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಅವನೂ ಕಸುಬು ಕಲಿತವನು, ಅವನದೂ ದಿನದ ಲೆಕ್ಕ.

ಹಣದಲ್ಲಿ ಜಾನ್ಸನ್‌ಗೂ ನಮ್ಮ ಪೈಲ್ವಾನನಿಗೂ ಹೋಲಿಕೆಯಿಲ್ಲ, ಆ ಮಾತು ಬೇಡ. ನಾನು ಹೇಳಬೇಕಾದದ್ದು ಅಲ್ಲಿಯ ಒಂದು ನಿಯಮ. ಆ ಲೀಗಿನಲ್ಲಿ ಆಟಗಾರನೊಬ್ಬ ಒಂದು ಹಂಗಾಮಿನಲ್ಲಿ ಕನಿಷ್ಠ 3 ಪಂದ್ಯಗಳಷ್ಟು ಕಾಲ ತಂಡದ ಪಟ್ಟಿಯಲ್ಲಿದ್ದರೆ ಆ ಹಂಗಾಮು ಅವನ ಲೆಕ್ಕಕ್ಕೆ ಸೇರುತ್ತದೆ. ಅಂಥ 3 ಹಂಗಾಮುಗಳಾದರೆ ಪಿಂಚಣಿಯ ಹಕ್ಕು. ಕಪ್ಪು ಗೆದ್ದನೋ, ಸೋತನೋ, ಬೆಂಚಿನ ಮೇಲೆ ಕುಳಿತನೋ ಎಂದು ಯಾರೂ ಕೇಳುವುದಿಲ್ಲ. ಆಟಗಾರರ ಸಂಘ ಹೋರಾಡಿ ಪಡೆದ ಹಕ್ಕು ಅದು.

ನಮ್ಮ ರಾಜ್ಯ ಸರ್ಕಾರವೂ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ದೇಶದಲ್ಲಿ ಬೇರೆ ಎಷ್ಟೋ ಕಡೆ ಇಲ್ಲದ ಒಳ್ಳೆಯ ಯೋಜನೆ ಅದು, ಅದಕ್ಕಾಗಿ ಸರ್ಕಾರವನ್ನು ಮೆಚ್ಚಲೇಬೇಕು. ಆದರೆ ಅದರ ದರ್ಜೆಗಳು ರಾಜ್ಯಮಟ್ಟ, ರಾಷ್ಟ್ರಮಟ್ಟ, ಅಂತರರಾಷ್ಟ್ರೀಯ ಮಟ್ಟ ಎಂದು. ಜಾತ್ರೆಯ ಮಟ್ಟ ಎಂಬ ದರ್ಜೆ ಅದರಲ್ಲಿಲ್ಲ. ಸಿಂದಗಿ ತಾಲ್ಲೂಕಿನ ಆ ಹಿರಿಯರು ಅರ್ಜಿ ಬರೆಯಿಸಲು ಒಮ್ಮೆ ಕುಳಿತರಂತೆ. ಬರೆಯುವ ಹುಡುಗ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದ. ಇವರು ಈ ಹ್ಯಾಂಡ್‌ಬಿಲ್ಲುಗಳನ್ನು ತೋರಿಸಿದರು. ಒಂದು ಬೆಳ್ಳಿ ಕಡಗ, ಬಣ್ಣ ಹೋದ ಎರಡು ಪಟಕಾ ತೋರಿಸಿದರು. ಇವೆಲ್ಲ ನಡೆಯುವುದಿಲ್ಲ ಕಾಕಾ ಎಂದ ಹುಡುಗ. ಅರ್ಜಿ ಅಲ್ಲಿಗೇ ನಿಂತಿತು. “ಕಡಗದ ಮ್ಯಾಲ ನನ್ನ ಹೆಸರ ಬರಸಿದ್ದಿಲ್ಲರಿ, ದಾನಿ ಹೆಸರ ಬರಸ್ಯಾರ,” ಎಂದು ಅದನ್ನು ನನಗೂ ತಿರುಗಿಸಿ ತೋರಿಸಿದರು. ನಿಜ, ಒಳಬದಿಯಲ್ಲಿ ದಾನಿಯ ಹೆಸರು ಮಾತ್ರ ಇತ್ತು.

ಪದಕ ಇದ್ದವರ ಗತಿಯೂ ಯಾವಾಗಲೂ ಚೆನ್ನಾಗಿರಲಿಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಪೈಲ್ವಾನ ಖಾಶಾಬಾ ಜಾಧವ್ ಹಳ್ಳಿಯವರ, ಕಾಲೇಜಿನವರ ಸಹಾಯದಿಂದ ಹಣ ಕೂಡಿಸಿಕೊಂಡು ಅಲ್ಲಿಗೆ ಹೋದವರು. ಆಮೇಲೆ ಪೊಲೀಸ್ ಇಲಾಖೆಯಲ್ಲಿ ದುಡಿದು, ಪಿಂಚಣಿಗಾಗಿ ಹೆಣಗಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತ ಎಷ್ಟೋ ವರ್ಷದ ಮೇಲೆ. ಒಲಿಂಪಿಕ್ ಕಂಚಿನವರಿಗೇ ಹೀಗಾದರೆ ಗುಲಾಬಿ ಕಾಗದದ ಮೂರನೇ ಸಾಲಿನವನನ್ನು ಯಾರು ಕೇಳುತ್ತಾರೆ ಎಂದು ಕೈಚೆಲ್ಲಬಹುದು. ನಾನು ಚೆಲ್ಲಲಾರೆ. ಇದು ಕೋಟಿ ಕೋಟಿ ಬೇಡುವ ಕೆಲಸವಲ್ಲ. ಮೊದಲು ಬೇಕಾದದ್ದು ದಾಖಲೆ, ಅದು ನಮ್ಮ ಊರುಗಳ ಕೈಯಲ್ಲೇ ಇದೆ.

ಜಾತ್ರೆಯ ಕಮಿಟಿಯವರಿಗೆ ಲೆಕ್ಕ ಬರೆಯುವುದು ಹೊಸದಲ್ಲ. ಯಾರು ಎಷ್ಟು ಜೋಳ ಕೊಟ್ಟರು, ಯಾರ ಮನೆಯಿಂದ ಎಷ್ಟು ಎಣ್ಣೆ ಬಂತು, ಪೆಂಡಾಲಿಗೆ ಎಷ್ಟಾಯಿತು ಎಂದು ಪೈಸೆ ಪೈಸೆ ಬರೆದಿಡುತ್ತಾರೆ. ತೇರಿನ ಹಗ್ಗದ ಖರ್ಚೂ ಆ ಪುಸ್ತಕದಲ್ಲಿ ಸಿಗುತ್ತದೆ. ಅದೇ ಪುಸ್ತಕದ ಕೊನೆಯ ಹತ್ತು ಪುಟ ಕುಸ್ತಿಗೆ ಬಿಟ್ಟರೆ ಸಾಕು. ಹತ್ತು ವರ್ಷ ಹೀಗೆ ಬರೆದರೆ ಒಬ್ಬ ಪೈಲ್ವಾನ ಎಷ್ಟು ಕಣ ಇಳಿದ ಎಂದು ಯಾವ ಅಧಿಕಾರಿಯ ಮುಂದೆಯೂ ಇಡಬಹುದು. ಗ್ರಾಮ ಪಂಚಾಯಿತಿಯ ಸಿಕ್ಕಾ ಬಿದ್ದರೆ ಅದಕ್ಕೆ ಬಲ ಬರುತ್ತದೆ. ಆಮೇಲೆ ಸರ್ಕಾರದ ಮುಂದೆ ನಿಂತು, ಮಾಸಾಶನಕ್ಕೆ ಜಾತ್ರೆಯ ಮಟ್ಟವನ್ನೂ ಒಂದು ದರ್ಜೆಯಾಗಿ ಸೇರಿಸಿ, ಗೆಲುವಿನ ಬದಲು ಕಣಕ್ಕಿಳಿದ ವರ್ಷಗಳನ್ನು ಎಣಿಸಿ ಎಂದು ಕೇಳುವ ಹಕ್ಕು ನಮಗಿರುತ್ತದೆ. ಕಣದಲ್ಲಿ ಮಂಡಿ ಮುರಿದವನ ಆಸ್ಪತ್ರೆ ಖರ್ಚಿಗೆ ಇನಾಮಿನ ಹಣದಿಂದಲೇ ಒಂದು ಪಾಲು ತೆಗೆದಿಡುವ ಪದ್ಧತಿಯನ್ನೂ ಕಮಿಟಿಗಳು ಈ ವರ್ಷದಿಂದಲೇ ಶುರುಮಾಡಬಹುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಜಾತ್ರೆಗೆ ಕಣದ ಮಣ್ಣು ಹದ ಮಾಡುವಾಗ ಓದುಬರಹ ಬಲ್ಲ ಹುಡುಗನೊಬ್ಬನನ್ನು ಹಲಗಿಯವರ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿ. ತಾರೀಖು, ಇಬ್ಬರ ಹೆಸರು, ಊರು, ಎಷ್ಟು ನಿಮಿಷ ಹಿಡಿದರು, ಯಾವ ಪಟ್ಟಿಗೆ ಮುಗಿಯಿತು ಎಂದು ಬರೆಯಲಿ. ಗೆದ್ದವನ ಹೆಸರು ಹೇಗೂ ಬರೆಯುತ್ತೀರಿ. ಬಿದ್ದವನ ಹೆಸರನ್ನೂ, ಅವನ ತಂದೆಯ ಹೆಸರಿನ ಸಮೇತ, ಅವನನ್ನೇ ಕೇಳಿ ತಪ್ಪಿಲ್ಲದೆ ಬರೆಯಿಸಿರಿ.